ಆಯುಧಪೂಜೆಯ ದಿನದ ತಟ್ಟೆ

ನನ್ನ ತೊಡೆಯ ಮಾಂಸ ಗಂಡಸಿನದು ಅಂತ ನನಗೆ ಗೊತ್ತಾಗಿದ್ದು ಹೋದ ಆಗಸ್ಟ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ. ಹೇಳಿದವಳು ಸಮನ್ವಿತಾ. ನಮ್ಮ ಲ್ಯಾಬಿಗೆ ಎರಡು ವರ್ಷದ ಹಿಂದೆ ಬಂದ ವಿಜ್ಞಾನಿ, ನನ್ನ ಮಗಳ ವಯಸ್ಸಿನವಳು. ಕಂಪ್ಯೂಟರ್ ಮುಂದೆ ಕೂತು ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡು, "ಕುಸುಮಕ್ಕ, ನಿಮ್ಮ ಜೀವಕೋಶ ನಿಮ್ಮದಲ್ಲ. ಯಾರೋ ಗಂಡಸಿಂದು" ಅಂದಳು. ನಾನು ನಕ್ಕುಬಿಟ್ಟೆ. ಇಪ್ಪತ್ತನಾಲ್ಕು ವರ್ಷ ಈ ಲ್ಯಾಬಿನಲ್ಲಿ ಬಾಟಲಿ ತೊಳೆದು ತೊಳೆದು ಕೈಗೆ ಗಂಡಸಿನ ಚರ್ಮ ಬಂದಿರುವುದು ನಿಜ, ಮಾಂಸಕ್ಕೂ ಬಂತೇನೋ ಅಂತ ಅಂದೆ. ಅವಳು ನಗಲಿಲ್ಲ.

ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಸರ್, ಡಾಕ್ಟರ್ ಲಕ್ಷ್ಮೀನರಸಿಂಹ, ಸ್ನಾಯು ಸವೆಯುವ ಕಾಯಿಲೆಯ ಮೇಲೆ ಮೂವತ್ತೈದು ವರ್ಷ ಕೆಲಸ ಮಾಡಿದವರು. ಅವರ ಸಂಶೋಧನೆಗೆ ಎರಡು ಬಗೆಯ ಜೀವಕೋಶ ಬೇಕಿತ್ತು, ಕಾಯಿಲೆಯವರದು ಒಂದು, ಆರೋಗ್ಯವಂತರದು ಒಂದು. ಪಕ್ಕಪಕ್ಕ ಬೆಳೆಸಿ ಹೋಲಿಸಿ ನೋಡಬೇಕು. ೨೦೦೯ರಲ್ಲಿ ಸ್ಕೂಟರಿನಿಂದ ಬಿದ್ದು ನನ್ನ ತೊಡೆಮೂಳೆ ಮುರಿದು ಆಪರೇಷನ್ ಆಯಿತು. ಆಗ ಸರ್ ಆಸ್ಪತ್ರೆಗೆ ಸೇಬು ತಂದುಕೊಟ್ಟು, ತುಂಬಾ ಸಂಕೋಚಪಡುತ್ತ, ಹೇಗೂ ಕೊಯ್ಯುತ್ತಾರಲ್ಲ, ಕಡಲೆಕಾಳಿನಷ್ಟು ಮಾಂಸ ಲ್ಯಾಬಿಗೆ ಕೊಡುತ್ತೀಯಾ ಅಂತ ಕೇಳಿದರು. ಕೊಟ್ಟೆ. ಅದನ್ನು ಬಾಟಲಿಯಲ್ಲಿ ಬೆಳೆಸಿದವಳೂ ನಾನೇ. ಬಾಟಲಿಯ ಮೇಲೆ 'ಎನ್' ಅಂತ ಬರೆದೆ, ನಾರ್ಮಲ್ ಅಂತ. ಮರುವರ್ಷ ಉದಯಗಿರಿಯ ಮಹೇಂದ್ರ ಅನ್ನುವ ಹತ್ತೊಂಬತ್ತರ ಹುಡುಗನ ತೊಡೆಯಿಂದ ಇನ್ನೊಂದು ಚೂರು ಬಂತು. ಅದು 'ಪಿ', ಪೇಷಂಟ್ ಅಂತ. ಅಲ್ಲಿಂದೀಚೆಗೆ ಸರ್ ಬರೆದ ನಲವತ್ತೊಂದು ಪ್ರಬಂಧಗಳೂ ಈ ಇಬ್ಬರ ಮಾಂಸದ ಮೇಲೆಯೇ. ನಮ್ಮೂರಿನ ಹೆಂಗಸರ ಮುಂದೆ ನಾನು ಇದನ್ನು ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಸರ್ ಕಂಡುಹಿಡಿದದ್ದು ಇಷ್ಟು. ಬೇರೆ ಯಾವುದೋ ಕಾಯಿಲೆಗೆ ನಲವತ್ತು ವರ್ಷದಿಂದ ಕೊಡುತ್ತಿದ್ದ ಹಳೆಯ ಮಾತ್ರೆಯೊಂದನ್ನು ಹೆಚ್ಚು ಪ್ರಮಾಣದಲ್ಲಿ ಕರಗಿಸಿ ಬಾಟಲಿಗೆ ಹಾಕಿದರೆ ಪಿ ಕೋಶಗಳು ತುಂಬಿಕೊಂಡು ಬೆಳೆಯುತ್ತಿದ್ದವು. ಎನ್ ಕೋಶಗಳು ಮಾತ್ರ ಹತ್ತನೇ ದಿನದ ಹೊತ್ತಿಗೆ ಮುದುರಿ ಸಾಯುತ್ತಿದ್ದವು. ಕಾಯಿಲೆಯವರಿಗೆ ಸಂಜೀವಿನಿ, ಚೆನ್ನಾಗಿರುವವರಿಗೆ ಬೇಡ, ಅಷ್ಟೇ ತಾನೇ ಅಂದರು ಸರ್. ಚೆನ್ನಾಗಿರುವವರು ಮಾತ್ರೆ ಯಾಕೆ ತಿನ್ನುತ್ತಾರೆ ಅಂತ ನಾನೂ ಅಂದುಕೊಂಡೆ. ಹತ್ತು ವರ್ಷ ಓಡಾಡಿ ಕೊನೆಗೆ ರೋಗಿಗಳ ಮೇಲೆ ಪರೀಕ್ಷೆ ಮಾಡಲು ಅನುಮತಿ ಸಿಕ್ಕಿತು. ಆ ಶುಕ್ರವಾರದ ಮುಂದಿನ ಸೋಮವಾರವೇ ಮೊದಲ ಮಾತ್ರೆ. ನುಂಗುವವನು ಮಹೇಂದ್ರ. ಅದರ ಹಿಂದಿನ ದಿನ, ಭಾನುವಾರ, ಸರ್‌ಗೆ ಸನ್ಮಾನ.

ಅನುಮತಿ ಕೊಟ್ಟ ಸಮಿತಿ ಒಂದು ಕಾಗದ ಬಾಕಿ ಉಳಿಸಿಕೊಂಡಿತ್ತು. ಈ ಕೋಶಗಳು ನೀವು ಹೇಳುವವರದೇ ಅನ್ನುವುದಕ್ಕೆ ಪ್ರಮಾಣಪತ್ರ. ಬರೀ ಶಾಸ್ತ್ರಕ್ಕೆ. ನನ್ನ ಕೆನ್ನೆಯ ಒಳಗಿನ ಎಂಜಲು, ಎನ್, ಪಿ, ಮೂರನ್ನೂ ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದ್ದೆವು. ಮಹೇಂದ್ರನ ಎಂಜಲನ್ನು ಸೋಮವಾರ ಅವನು ಬಂದಾಗ ತೆಗೆದುಕೊಂಡರಾಯಿತು ಅಂತ ಬಿಟ್ಟಿದ್ದೆವು. ಆ ವರದಿ ಈಗ ಸಮನ್ವಿತಾಳ ಮುಂದಿತ್ತು. ಎನ್ ಕೋಶ ಗಂಡಸಿನದು. ಪಿ ಕೋಶ ಹೆಂಗಸಿನದು, ಅದೂ ನನ್ನ ಎಂಜಲಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಂದುತ್ತದೆ.

ಬೆಂಗಳೂರಿನವರು ಟ್ಯೂಬು ಅದಲುಬದಲು ಮಾಡಿದ್ದಾರೆ ಅಂತ ಸಮನ್ವಿತಾ ತೀರ್ಮಾನಿಸಿದಳು. ಇನ್ನೊಂದು ಸಲ ಕಳಿಸೋಣ, ಎರಡು ವಾರ ಹಿಡಿಯುತ್ತೆ, ಅದಕ್ಕೋಸ್ಕರ ಸೋಮವಾರದ್ದನ್ನು ನಿಲ್ಲಿಸುವುದು ಬೇಡ, ಸರ್‌ಗೆ ಹೇಳಿ ಸನ್ಮಾನದ ಸಂತೋಷ ಕೆಡಿಸುವುದೂ ಬೇಡ ಅಂದಳು. ನಾನೂ ಬೆಂಗಳೂರಿನವರಿಗೆ ಮನಸಾರೆ ಬೈದೆ. ಬೈಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೈದು ನನ್ನ ಜಾಗಕ್ಕೆ ಬಂದು ಕೂತೆ. ಆದರೆ ಬೆಂಗಳೂರಿನವರು ತಪ್ಪು ಮಾಡಿರಲಿಕ್ಕಿಲ್ಲ ಅನ್ನುವುದಕ್ಕೆ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಗೊತ್ತಿತ್ತು, ಮರೆತಂತೆ ಇದ್ದೆ.

೨೦೧೧ರ ಬೇಸಿಗೆಯಲ್ಲಿ ಶೈತ್ಯಕ್ಕೆ ಬಳಸುವ ದ್ರವ ನೈಟ್ರೋಜನ್ ಸರಬರಾಜು ನಿಂತು, ಹೆಪ್ಪುಗಟ್ಟಿಸಿ ಇಟ್ಟಿದ್ದ ಕೋಶಗಳೆಲ್ಲ ಕೆಟ್ಟುಹೋದವು. ಬಿಸಿ ಪೆಟ್ಟಿಗೆಯಲ್ಲಿ ಬೆಳೆಯುತ್ತಿದ್ದ ಎಂಟೇ ಎಂಟು ಬಾಟಲಿ ಉಳಿದದ್ದು, ನಾಲ್ಕು ಎನ್, ನಾಲ್ಕು ಪಿ. ಅಂಗೈ ಅಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಗಳು. ಅವನ್ನು ಕೂಸು ಸಾಕಿದ ಹಾಗೆ ದಸರಾವರೆಗೂ ಸಾಕಿದೆ. ಆಯುಧಪೂಜೆ ಬಂತು. ಮೈಸೂರಿನಲ್ಲಿ ಆಯುಧಪೂಜೆ ಅಂದರೆ ಸೈಕಲ್ ಪಂಪಿಗೂ ಕುಂಕುಮ ಹಚ್ಚುವ ಜನ ನಾವು. ಲ್ಯಾಬಿನಲ್ಲೂ ಮೈಕ್ರೋಸ್ಕೋಪಿನಿಂದ ಹಿಡಿದು ಫ್ರಿಜ್ಜಿನವರೆಗೆ ತೊಳೆದು ಹೂವು ಏರಿಸುತ್ತಿದ್ದೆವು. ಪೂಜೆಗೆ ಪ್ರತಿವರ್ಷ ಸರ್ ಹೆಂಡತಿ ಅಲಮೇಲಮ್ಮ ಬರುತ್ತಿದ್ದರು. ಆ ವರ್ಷ ಅವರು, ಮೆಷೀನು ನಿಮ್ಮ ಆಯುಧ ಅಲ್ಲ, ಆ ಎಂಟು ಬಾಟಲಿ ನಿಮ್ಮ ಆಯುಧ, ಅವನ್ನು ಈಚೆ ತನ್ನಿ ಅಂದರು. ಹತ್ತು ನಿಮಿಷ ಹೊರಗಿದ್ದರೆ ಕೋಶಗಳಿಗೆ ಏನೂ ಆಗುವುದಿಲ್ಲ. ಸರ್ ಕೂಡ ಹೂಂ ಅಂದರು.

ನಮ್ಮವ್ವನ ಸ್ಟೀಲ್ ತಟ್ಟೆಯೊಂದು ನನ್ನ ಊಟದ ಬ್ಯಾಗಿನಲ್ಲಿತ್ತು. ಅದನ್ನೇ ತೊಳೆದು ಒರೆಸಿ, ಎಡಕ್ಕೆ ಎನ್, ಬಲಕ್ಕೆ ಪಿ ಇಟ್ಟು ತಂದೆ. ಪೂಜೆ ಆಯಿತು, ಆರತಿ ಆಯಿತು, ಅಲಮೇಲಮ್ಮ ಒಂದೊಂದು ಬಾಟಲಿಗೂ ಗಂಧ ಕುಂಕುಮ ಇಟ್ಟರು. ಹೊರಗೆ ಬೂದುಗುಂಬಳ ಒಡೆಯಲು ಎಲ್ಲರೂ ಹೋದರು. ಹೊರಗಿನಿಂದ ಬಂದದ್ದನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಪೆಟ್ಟಿಗೆಗೆ ಇಡಬಾರದು, ಅದು ನಿಯಮ. ಒಬ್ಬಳೇ ನಿಂತು ಬಟ್ಟೆಗೆ ಸ್ಪಿರಿಟ್ ಹಾಕಿ ಎಂಟನ್ನೂ ಉಜ್ಜಿ ಇದ್ದಲ್ಲೇ ಇಟ್ಟೆ. ಕುಂಕುಮದ ಜೊತೆಗೆ ಮಾರ್ಕರ್ ಮಸಿಯೂ ಬಂದುಬಿಟ್ಟಿತು. ಎಂಟೂ ಬೋಳು. ಆದರೆ ಎಡಕ್ಕೆ ಎನ್, ಬಲಕ್ಕೆ ಪಿ ಅಂತ ಇಟ್ಟವಳು ನಾನೇ ಅಲ್ಲವೇ? ಹಾಗೇ ಬರೆದು ಒಳಗಿಟ್ಟೆ. ಸರ್‌ಗೆ ಹೇಳಲಿಲ್ಲ, ಬೈಯುತ್ತಾರೆ ಅಂತ. ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ. ಮಾರನೆಯ ದಿನ ವಿಜಯದಶಮಿ, ಒಳ್ಳೆಯ ದಿನ ಅಂತ ಸರ್ ಆ ಎಂಟರಿಂದಲೇ ಹೊಸ ದಾಸ್ತಾನು ಹೆಪ್ಪುಗಟ್ಟಿಸಲು ಶುರುಮಾಡಿಸಿದರು. ಇಲ್ಲಿಯವರೆಗೆ ಬಳಸಿದ್ದೆಲ್ಲ ಅದರದೇ ಸಂತಾನ.

ಇನ್ನೊಂದು ಮಾತು. ಆ ದಸರಾ ಆದಮೇಲೆ ಪಿ ಕೋಶಗಳು ಯಾಕೋ ಚೇತರಿಸಿಕೊಂಡಂತೆ ಕಂಡವು. ಅಲಮೇಲಮ್ಮ ಪೂಜೆಯ ಫಲ ಅಂದರು. ಸರ್ ನಕ್ಕು, ಬಾಟಲಿಗೆ ಒಗ್ಗಿಕೊಂಡಿವೆ ಅಂದರು. ಯಾರಿಗೂ ಅನುಮಾನ ಬರಲಿಲ್ಲ. ಪಿ ಅಂತ ಬರೆದ ಬಾಟಲಿಯಲ್ಲಿ ಕಾಯಿಲೆ ಹುಡುಕಿದರೆ ಕಾಯಿಲೆಯೇ ಕಾಣುತ್ತದೆ.

ಎಡ ಬಲ ತಪ್ಪಿರಲು ಸಾಧ್ಯವೇ ಇಲ್ಲ ಅಂತ ಅವತ್ತು ಮಧ್ಯಾಹ್ನದವರೆಗೂ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಸನ್ಮಾನಕ್ಕೆ ಸರ್ ಅವರ ಸಂಶೋಧನಾ ದಾಖಲೆಯ ಒಂದು ಪುಸ್ತಕ ಅಚ್ಚಾಗುತ್ತಿತ್ತು. ಪ್ರಬಂಧಗಳ ಪಟ್ಟಿ, ಶಿಷ್ಯರ ಪಟ್ಟಿ, ಫೋಟೋಗಳು. ಅದನ್ನೆಲ್ಲ ಜೋಡಿಸಿಕೊಟ್ಟವಳು ನಾನು. ಕರಡು ನನ್ನ ಮೇಜಿನ ಮೇಲೇ ಇತ್ತು. ಮೂವತ್ತೆಂಟನೇ ಪುಟದಲ್ಲಿ ೨೦೧೧ರ ಆಯುಧಪೂಜೆಯ ಎರಡು ಫೋಟೋ ಇವೆ ಅಂತ ನೆನಪಾಗಿ ತೆಗೆದು ನೋಡಿದೆ. ಮೊದಲನೆಯದು ಪೂಜೆಗೆ ಮುಂಚಿನದು. ಚಾಮುಂಡೇಶ್ವರಿ ಪಟ, ಮುಂದೆ ತಟ್ಟೆ, ಬಾಟಲಿಯ ಮುಚ್ಚಳಗಳು ಬಾಗಿಲ ಕಡೆಗೆ. ಎರಡನೆಯದು ಆರತಿಯ ಹೊತ್ತಿನದು. ಅದರಲ್ಲಿ ಮುಚ್ಚಳಗಳು ದೇವರ ಕಡೆಗಿವೆ. ಭೂತಗನ್ನಡಿ ತಂದು ತಟ್ಟೆಯ ಅಂಚು ನೋಡಿದೆ. ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸಿರುತ್ತೇವೆ. ಆ ತಟ್ಟೆಯ ಅಂಚಿನಲ್ಲಿ 'ಕೆಂಚಮ್ಮ' ಅಂತ ನಮ್ಮವ್ವನ ಹೆಸರಿದೆ. ಮೊದಲ ಫೋಟೋದಲ್ಲಿ ಹೆಸರು ಈಚೆ ಇದೆ. ಎರಡನೆಯದರಲ್ಲಿ ದೇವರ ಕಡೆಗೆ ಹೋಗಿದೆ.

ತಟ್ಟೆಯನ್ನು ಯಾರೋ ಅನಾಮತ್ತು ತಿರುಗಿಸಿದ್ದರು. ನಾನು ಈಚೆ ನಿಂತು ಎಡಕ್ಕಿದ್ದುದಕ್ಕೆ ಎನ್ ಬರೆದಿದ್ದೆ, ಅಲ್ಲಿಗೆ ಬಂದಿದ್ದದ್ದು ಪಿ. ಭೂತಗನ್ನಡಿ ಕೈಯಿಂದ ಜಾರಿ ಮೇಜಿನ ಮೇಲೆ ಬಿದ್ದ ಸದ್ದಿಗೆ ಸಮನ್ವಿತಾ ತಿರುಗಿ ನೋಡಿದಳು. ಹಾಗಾದರೆ ಹತ್ತು ವರ್ಷದಿಂದ ಆ ಮಾತ್ರೆಯಲ್ಲಿ ಸೊಂಪಾಗಿ ಬೆಳೆದದ್ದು ನಾನು. ಮುದುರಿ ಸತ್ತದ್ದು ಮಹೇಂದ್ರ. ಸೋಮವಾರ ಅವನ ಬಾಯಿಗೆ ಹಾಕಲು ಹೊರಟಿರುವುದು ಅದನ್ನೇ.

ಸಮನ್ವಿತಾಳಿಗೆ ಫೋಟೋ ತೋರಿಸಿ ಎಲ್ಲ ಹೇಳಿದೆ. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಯಾಕೆ ಬರೆದಿಡಲಿಲ್ಲ ಕುಸುಮಕ್ಕ ಅಂತ ಒಂದೇ ಮಾತು ಕೇಳಿದಳು. ಬೇರೆ ದಿನವಾಗಿದ್ದರೆ ನನ್ನನ್ನು ಪ್ರಶ್ನೆ ಮಾಡಿದ್ದಕ್ಕೆ ಅವಳನ್ನು ಹರಿದು ಮುಕ್ಕಿಬಿಡುತ್ತಿದ್ದೆ. ಅವತ್ತು, ಸರ್ ಬೈಯುತ್ತಾರೆ ಅಂತ ಹೆದರಿದೆ ಅಂತಷ್ಟೇ ಅಂದೆ. ೨೦೧೭ರಲ್ಲಿ ಬೇರೆ ಊರಿನ ಒಬ್ಬ ಡಾಕ್ಟರಮ್ಮ ಸರ್‌ಗೆ ಕಾಗದ ಬರೆದಿದ್ದು ನೆನಪಾಯಿತು. ನನ್ನ ರೋಗಿಗಳ ಕೋಶ ಈ ಮಾತ್ರೆಗೆ ಸಾಯುತ್ತಿವೆ, ದಯವಿಟ್ಟು ಇನ್ನೊಮ್ಮೆ ನೋಡಿ ಅಂತ. ಸರ್ ಎರಡು ಪುಟ ಖಾರವಾಗಿ ಉತ್ತರ ಬರೆದರು. ಅದನ್ನು ಟೈಪ್ ಮಾಡಿದವಳು ನಾನು, ಮಧ್ಯೆ ಒಂದು ಚುಚ್ಚುಮಾತನ್ನು ನಾನೇ ಸೂಚಿಸಿದ್ದೆ.

ಮಾತ್ರೆಯ ಪ್ರಯೋಗಗಳನ್ನೆಲ್ಲ ಬರೆದಿಟ್ಟ ಉದ್ದನೆಯ ರಿಜಿಸ್ಟರು, ಬೆಂಗಳೂರಿನ ವರದಿ, ಆ ಕರಡು ಮೂರನ್ನೂ ಬ್ಯಾಗಿಗೆ ತುರುಕಿಕೊಂಡು ಆಟೋ ಹತ್ತಿದೆ. ಸರ್ ಮನೆ ಚಾಮರಾಜಪುರಂನಲ್ಲಿ. ಅವರ ತಾತ ಅರಮನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರಂತೆ. ಬರೆದದ್ದನ್ನು ಅಳಿಸಬಾರದು, ಅಳಿಸಿದ್ದನ್ನು ಮುಚ್ಚಿಡಬಾರದು ಅಂತ ತಾತ ಹೇಳುತ್ತಿದ್ದರೆಂದು ಸರ್ ಪ್ರತಿ ಹೊಸ ವಿದ್ಯಾರ್ಥಿಗೂ ಹೇಳುತ್ತಿದ್ದರು. ಆ ಮಾತು ದಾರಿಯುದ್ದಕ್ಕೂ ನನ್ನ ಕಿವಿಯಲ್ಲೇ ಕೂತಿತ್ತು.

ಸರ್ ನಡುಮನೆಯಲ್ಲಿ ಭಾನುವಾರದ ಭಾಷಣ ತಿದ್ದುತ್ತ ಕೂತಿದ್ದರು. ಅಲಮೇಲಮ್ಮ ಕಾಫಿ ತರುತ್ತೇನೆ ಅಂತ ಒಳಗೆ ಹೋದರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ, ಸ್ಪಿರಿಟ್ಟು, ಮಸಿ, ತಟ್ಟೆ, ನಮ್ಮವ್ವನ ಹೆಸರು. ಯಾರು ತಿರುಗಿಸಿದರು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಆ ಕೋಣೆಯಲ್ಲಿ ಆರತಿಯ ಹೊತ್ತಿಗೆ ತಟ್ಟೆ ಮುಟ್ಟಿದವರು ಒಬ್ಬರೇ. ಮೊದಲು ಸರ್‌ಗೆ ಸಿಟ್ಟು ಬಂತು. ಹತ್ತೊಂಬತ್ತು ಜನ ಇದರ ಮೇಲೆ ಡಾಕ್ಟರೇಟ್ ಮಾಡಿದ್ದಾರೆ, ಹತ್ತೊಂಬತ್ತು ಜನಕ್ಕೂ ಕಣ್ಣಿರಲಿಲ್ಲವೇ, ಒಂದು ಫೋಟೋ ಹಿಡಿದುಕೊಂಡು ಬಂದುಬಿಟ್ಟೆಯಲ್ಲ ಅಂತ ಕೂಗಿದರು. ಅವರು ನನ್ನ ಮೇಲೆ ಕೂಗಿದ್ದು ಇಷ್ಟು ವರ್ಷಗಳಲ್ಲಿ ಅದೇ ಮೊದಲು. ನಾನು ವರದಿಯನ್ನು ಮುಂದಿಟ್ಟೆ. ಅದನ್ನು ಓದಿ, ಫೋಟೋ ನೋಡಿ, ಮತ್ತೆ ವರದಿ ಓದಿದರು.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಲಮೇಲಮ್ಮ ಯಾವಾಗ ಬಂದರೋ ನಾನು ನೋಡಿರಲಿಲ್ಲ. "ತಿರುಗಿಸಿದ್ದು ನಾನು ಕಣ್ರೀ" ಅಂದರು. "ಬಾಟ್ಲಿ ಬಾಯಿ ದೇವರ ಕಡೆ ಇರಲಿ ಅಂತ ತಿರುಗಿಸಿದೆ. ಹಿಂದುಮುಂದಾದ್ರೆ ಏನಾಗತ್ತೆ ಅಂತ ನಂಗೆ ಗೊತ್ತಿರಲಿಲ್ಲ."

ಸರ್ ಹೆಂಡತಿಯನ್ನು ನೋಡಲೇ ಇಲ್ಲ. ಭಾಷಣದ ಹಾಳೆಯನ್ನು ಮಡಚಿದರು, ಇನ್ನೂ ಮಡಚಿದರು, ಮಡಚಲಾಗದಷ್ಟು ಚಿಕ್ಕದಾದ ಮೇಲೂ ಬೆರಳಲ್ಲಿ ಒತ್ತುತ್ತಲೇ ಇದ್ದರು. "ನಿನ್ನ ತಪ್ಪಲ್ಲ ಅಲಮೇಲು, ಒಂದು ಸಲ ಪರೀಕ್ಷೆ ಮಾಡಿಸಿದ್ದರೆ ಆಗ್ತಿತ್ತು. ಆ ಹೆಣ್ಣುಮಗಳು ಕಾಗದ ಬರೆದಾಗಲಾದರೂ" ಅಂದರು, ಮುಗಿಸಲಿಲ್ಲ. ಫೋನು ತೆಗೆದು ಸಮಿತಿಯ ಅಧ್ಯಕ್ಷರಿಗೆ ಸೋಮವಾರದ ಪರೀಕ್ಷೆ ನಿಲ್ಲಿಸಿ ಅಂದರು, ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಭಾನುವಾರದ್ದೂ ಬೇಡ ಅಂದರು. ಆಮೇಲೆ ನನಗೆ, ನೀನು ಹೋಗಿ ಮಹೇಂದ್ರನಿಗೆ ಹೇಳು, ಫೋನಿನಲ್ಲಿ ಬೇಡ, ಬೇರೆಯವರಿಂದ ಗೊತ್ತಾಗುವುದು ಬೇಡ ಅಂದರು. ನಾನೂ ಬರುತ್ತೇನೆ ಅಂತ ಎದ್ದರು. ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡು ನಿಂತುಬಿಟ್ಟರು. ಅಲಮೇಲಮ್ಮ ಅವರನ್ನು ಕೂರಿಸಿದರು. ನಾನೊಬ್ಬಳೇ ಹೊರಟೆ.

ಆಟೋದಲ್ಲಿ ಕೂತ ಮೇಲೆ, ಸಾಮಾನ್ಯವಾಗಿ ಕಲ್ಲುಗುಂಡಿಗೆಯವಳು ಅಂತ ಹೆಸರಾದ ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅತ್ತದ್ದು ದುಃಖಕ್ಕಿಂತ ಹೆಚ್ಚಾಗಿ ಸಮಾಧಾನಕ್ಕೆ. ಸೋಮವಾರಕ್ಕೆ ಮುಂಚೆ ಗೊತ್ತಾಯಿತಲ್ಲ, ದೇವರು ದೊಡ್ಡವನು, ಇನ್ನೂ ಏನೂ ಆಗಿಲ್ಲ. ಸರ್ ಹೆಸರು ಹೋಯಿತು, ನನ್ನ ಮರ್ಯಾದೆ ಹೋಯಿತು, ಹೋಗಲಿ, ಹುಡುಗ ಉಳಿದ.

ಹುಡುಗ ಅನ್ನುತ್ತೇನೆ, ಅವನಿಗೀಗ ಮೂವತ್ತನಾಲ್ಕು. ಉದಯಗಿರಿಯಲ್ಲಿ ಟೂ ವ್ಹೀಲರ್ ಗ್ಯಾರೇಜು. ಹೆಂಡತಿ ಧರಣಿ, ಗಟ್ಟಿಗಿತ್ತಿ. ಮೊದಮೊದಲು ಎದ್ದು ನಿಂತು ಇಂಜಿನ್ ಬಿಚ್ಚುತ್ತಿದ್ದವನು ಈಗ ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಾನೆ, ಧರಣಿ ಬಿಚ್ಚುತ್ತಾಳೆ. ಹದಿನೈದು ವರ್ಷದಲ್ಲಿ ಅವನ ಮನೆಗೆ ನಾನು ಅಕ್ಕನೇ ಆಗಿಬಿಟ್ಟಿದ್ದೆ. ನನ್ ಜೀವಕೋಶ ಬಾಟ್ಲಿನಲ್ಲಿ ವಾಸಿಯಾಗಿ ಹತ್ತು ವರ್ಷ ಆಯ್ತು, ನಾನ್ ಯಾವಾಗಕ್ಕ ಆಗೋದು ಅಂತ ಸಿಕ್ಕಾಗಲೆಲ್ಲ ಕಿಚಾಯಿಸುತ್ತಿದ್ದ. ಈ ಯುಗಾದಿಗೆ ಒಬ್ಬಟ್ಟು ತೆಗೆದುಕೊಂಡು ಹೋದಾಗ, ಅನುಮತಿ ಇನ್ನೇನು ಬಂತು ಅನ್ನುವ ಖುಷಿಯಲ್ಲಿ ನಾನು ಮಾತ್ರೆಯ ಹೆಸರು, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಎಲ್ಲ ಒದರಿದ್ದೆ. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅದಾದ ಮೇಲೆ ಅವನು ಬೇಗ ಬೇಗ ಇಳಿದುಹೋದ. ಜುಲೈನಲ್ಲಿ ನೋಡಿದಾಗ ಸ್ಪ್ಯಾನರ್ ಹಿಡಿಯಲೂ ಕಷ್ಟಪಡುತ್ತಿದ್ದ. ಕಾಯಿಲೆ ಓಡುತ್ತಿದೆ, ಬೇಗ ಮಾತ್ರೆ ಶುರುಮಾಡಿ ಅಂತ ಸಮನ್ವಿತಾಳ ಬೆನ್ನು ಬಿದ್ದವಳು ನಾನೇ.

ನಾನು ಹೋದಾಗ ಗ್ಯಾರೇಜಿನಲ್ಲಿ ಗಿರಾಕಿ ಇರಲಿಲ್ಲ. ಮಹೇಂದ್ರ ಸ್ಟೂಲಿನ ಮೇಲಿದ್ದ, ಧರಣಿ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಸೋಮವಾರಕ್ಕೆ ಹೊಸ ಶರ್ಟು ತಂದಿದ್ದೇವೆ ಅಂತ ಅವಳು ತೋರಿಸಲು ಹೋದಳು. ಬೇಡ, ಕೂತುಕೋ ಅಂದೆ. ಬಾಟಲಿಯ ಕಥೆ ಹೇಳಿದೆ. ನನ್ನ ತಪ್ಪನ್ನು ಅರ್ಧ ಮಾಡಿ ಹೇಳಲಿಲ್ಲ. ಮಹೇಂದ್ರ ಮಧ್ಯೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ, "ಅಂದ್ರೆ ಇಷ್ಟು ವರ್ಷ ವಾಸಿಯಾಗಿದ್ದು ನೀವಾ ಅಕ್ಕ?" ಅಂತ ಕೇಳಿದ. ಹೌದಪ್ಪ ಅಂದೆ. ಅವನು ಹೆಂಡತಿಯ ಕಡೆ ತಿರುಗಿದ. ಧರಣಿಯ ಕೈಯಲ್ಲಿದ್ದ ಎಣ್ಣೆಯ ಡಬ್ಬಿ ಓರೆಯಾಗಿ ಎಣ್ಣೆ ನೆಲಕ್ಕೆ ಸುರಿಯುತ್ತಿತ್ತು, ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ.

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಸೋಮವಾರದ್ದು ನಿಂತಿದೆ, ಇನ್ನು ಭಯವಿಲ್ಲ, ಏನೂ ಆಗಿಲ್ಲ ಅಂತ ನಾನೇ ಹೇಳಿದೆ.

"ಆಗ್ಬುಟ್ಟಿದೆ ಅಕ್ಕ" ಅಂದ ಮಹೇಂದ್ರ.

ಧರಣಿ ಎದ್ದು ಹೋಗಿ ಟೂಲ್ಸ್ ಇಡುವ ಡ್ರಾಯರಿನಿಂದ ಒಂದು ಡಬ್ಬ ತಂದು ನನ್ನ ಮಡಿಲಲ್ಲಿಟ್ಟಳು. ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು, ರಬ್ಬರ್ ಬ್ಯಾಂಡು ಹಾಕಿ ಜೋಡಿಸಿದ ಕಟ್ಟು ಕಟ್ಟು. ಮೇಲೆ ಒಂದು ಅರ್ಧ ತುಂಬಿದ ಸ್ಟ್ರಿಪ್ಪು. ಹೆಸರು ಓದುವ ಮೊದಲೇ ಗೊತ್ತಾಯಿತು. ಇಂಥದ್ದೇ ಸ್ಟ್ರಿಪ್ಪಿನಿಂದ ಮಾತ್ರೆ ಕಿತ್ತು ಪುಡಿಮಾಡಿ ಹತ್ತು ವರ್ಷ ಬಾಟಲಿಗೆ ಹಾಕಿದ್ದೇನೆ. ನನಗೆ ಗ್ಯಾರೇಜಿನ ಗೋಡೆ, ಟೈರು, ಅವರಿಬ್ಬರ ಮುಖ ಎಲ್ಲ ದೂರ ಹೋದಂತಾಯಿತು.

ಯುಗಾದಿಯ ಮರುದಿನದಿಂದ ತೆಗೆದುಕೊಳ್ಳುತ್ತಿದ್ದನಂತೆ. ಹಳೇ ಮಾತ್ರೆ ತಾನೇ, ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಕೊಟ್ಟರಂತೆ. ಬೆಳಿಗ್ಗೆ ಎರಡು, ರಾತ್ರಿ ಎರಡು. ನಾನು ಹೇಳಿದ ಲೆಕ್ಕವೇ. ಅನುಮತಿ ಬರುವುದಕ್ಕೆ ಸ್ವಲ್ಪ ಮುಂಚೆಯೇ ಶುರುಮಾಡಿದರೆ ಒಳ್ಳೆಯದಲ್ಲವಾ ಅಂದುಕೊಂಡನಂತೆ. ಹೇಳಿದರೆ ಪರೀಕ್ಷೆಗೆ ಸೇರಿಸಿಕೊಳ್ಳುವುದಿಲ್ಲ ಅಂತ ನನಗೆ ಹೇಳಲಿಲ್ಲವಂತೆ. ಶಕ್ತಿ ಇಳಿಯುತ್ತಿದ್ದುದು ಗೊತ್ತಾದರೂ, ಮಾತ್ರೆ ಇಲ್ಲದಿದ್ದರೆ ಇನ್ನೂ ಇಳಿಯುತ್ತಿತ್ತು ಅಂತ ಗಟ್ಟಿಯಾಗಿ ನಂಬಿದ್ದನಂತೆ. ನನ್ನ ಮುಂದೆ ಮುಚ್ಚಿಟ್ಟದ್ದಕ್ಕೆ ಅವನೇ ತಪ್ಪಾಯ್ತು ಅಂತ ಕೇಳಿಕೊಂಡ. ಆ ಮಾತು ಕೇಳಿ ನನಗೆ ಸತ್ತುಹೋಗಬೇಕು ಅನ್ನಿಸಿತು. ತಪ್ಪು ಮುಚ್ಚಿಡುವುದು ಹೇಗೆ ಅಂತ ಹದಿನಾಲ್ಕು ವರ್ಷ ತೋರಿಸಿಕೊಟ್ಟವಳ ಹತ್ತಿರ ಅವನು ಕ್ಷಮೆ ಕೇಳುತ್ತಿದ್ದ.

ಸರ್‌ಗೆ ಫೋನ್ ಮಾಡಿದೆ. ಮಾತ್ರೆ ಈಗಲೇ ನಿಲ್ಲಿಸಲಿ, ಆಸ್ಪತ್ರೆಗೆ ಕರೆದುಕೊಂಡು ಬಾ, ನಾನು ಅಲ್ಲಿಗೇ ಬರುತ್ತೇನೆ ಅಂದರು. ಧರಣಿ ಆಟೋ ತರಲು ಹೋದಳು. ನಾವಿಬ್ಬರೇ ಉಳಿದೆವು. ಮಹೇಂದ್ರ ತನ್ನ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದ.

"ನಿಲ್ಲಿಸ್ಬುಟ್ರೆ ವಾಪಸ್ ಬತ್ತದಾ ಅಕ್ಕ, ಹೋಗಿರೋದು?"

ಗೊತ್ತಿಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. ಆಗ ಲಾಕ್‌ಡೌನ್ ನೆನಪಾಯಿತು. ಬ್ಯಾಗಿನಿಂದ ರಿಜಿಸ್ಟರು ತೆಗೆದು ೨೦೨೦ರ ಮಾರ್ಚಿಗೆ ಹೋದೆ. ಆಗ ನಾಲ್ಕು ಎನ್ ಬಾಟಲಿಗೆ ಏಳು ದಿನದಿಂದ ಮಾತ್ರೆ ಬಿದ್ದಿತ್ತು. ಇದ್ದಕ್ಕಿದ್ದಂತೆ ಎಲ್ಲ ಬಂದ್ ಅಂದಾಗ ನಾನು ಮಾತ್ರೆ ಬೆರೆತ ದ್ರವವನ್ನು ತೆಗೆದು, ಬರೀ ಆಹಾರ ದ್ರವ ತುಂಬಿ ಮನೆಗೆ ಓಡಿದ್ದೆ. ಒಂಬತ್ತು ದಿನ ಆದಮೇಲೆ ಪೊಲೀಸ್ ಪಾಸು ಮಾಡಿಸಿಕೊಂಡು ಬಂದು ನೋಡಿದ್ದನ್ನು ಬರೆದಿಟ್ಟಿದ್ದೆ. ಆರೋಗ್ಯವಂತರ ಕೋಶದ ಸಂಗತಿ ನಮಗೆ ಮುಖ್ಯವಲ್ಲ ಅಂತ ಸರ್ ಅದನ್ನು ಯಾವ ಪ್ರಬಂಧದಲ್ಲೂ ಸೇರಿಸಿರಲಿಲ್ಲ. ಬಾಟಲಿ ಬೇರೆ, ದೇಹ ಬೇರೆ ಕಣಪ್ಪ, ಇದನ್ನು ಭಾಷೆ ಅಂತ ತಗೋಬೇಡ ಅಂತ ಮೊದಲೇ ಹೇಳಿದೆ. ಎನ್ ಅಂತ ಬರೆದಲ್ಲೆಲ್ಲ ಮಹೇಂದ್ರ ಅಂತ ಓದಿದೆ.

"ಒಂದನೇ ಬಾಟಲಿ, ಮಹೇಂದ್ರ. ಚೇತರಿಸಿದೆ. ಎರಡನೇದು, ಮಹೇಂದ್ರ. ಚೇತರಿಸಿದೆ. ಮೂರನೇದು, ಮಹೇಂದ್ರ. ನಿಧಾನ, ಆದರೆ ಚೇತರಿಸಿದೆ."

ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಬಾರದಿತ್ತು.

"ನಾಕ್ನೇದು?" ಅಂದ.

ಹದಿನಾಲ್ಕು ವರ್ಷದ ಹಿಂದಿನ ಕುಸುಮ ಆಗಿದ್ದರೆ ಪುಟ ಮುಚ್ಚಿಬಿಡುತ್ತಿದ್ದಳು. "ಏಳಲಿಲ್ಲ" ಅಂದೆ.

ಅವನು ತಲೆ ಆಡಿಸಿದ. ಅವಕ್ಕೆ ಎಷ್ಟು ದಿನ ಬಿದ್ದಿತ್ತು ಅಂತ ಕೇಳಿದ. ಏಳು ದಿನ ಅಂದೆ. ನಂದು ಹತ್ತತ್ರ ಐದು ತಿಂಗಳು ಅಂತ ತನ್ನಷ್ಟಕ್ಕೆ ಹೇಳಿಕೊಂಡ. ಬೀದಿಯ ಕೊನೆಯಲ್ಲಿ ಆಟೋ ತಿರುಗುವುದು ಕಾಣಿಸಿತು, ಧರಣಿ ಮುಂದೆ ಡ್ರೈವರ್ ಪಕ್ಕ ತುದಿಯಲ್ಲಿ ಕೂತಿದ್ದಳು. ಮಹೇಂದ್ರ ರಿಜಿಸ್ಟರಿನ ಕಡೆ ಗದ್ದ ಎತ್ತಿ ತೋರಿಸಿ, "ಬರ್ಕೊಳಿ ಅಕ್ಕ. ನಿಲ್ಲಿಸಿದ್ದು ಇವತ್ತು ಅಂತ ಬರ್ಕೊಳಿ. ಐದ್ನೇದು ಏನಾಯ್ತು ಅಂತಾನೂ ಗೊತ್ತಾಗ್ಲಿ" ಅಂದ.

ಹೊಸ ಪುಟ ತೆಗೆದು ತಾರೀಕು ಹಾಕಿದೆ. ಯುಗಾದಿಯಂದು ನಾನು ಹೇಳಿದ್ದು, ಅವನು ತೆಗೆದುಕೊಂಡದ್ದು, ಇವತ್ತು ನಿಲ್ಲಿಸಿದ್ದು, ಎಲ್ಲವನ್ನೂ ಇಂಕ್ ಪೆನ್ನಿನಲ್ಲಿ ಬರೆದೆ. ಹೆಸರಿನ ಜಾಗಕ್ಕೆ ಬಂದಾಗ ನನ್ನ ಕೈ ಮುಂದೆ ಹೋಗಲಿಲ್ಲ. ರಿಜಿಸ್ಟರನ್ನು ಅವನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟೆ. ಅವನ ಬೆರಳಿಗೆ ಪೆನ್ನು ಹಿಡಿಯುವಷ್ಟು ಬಲವಿರಲಿಲ್ಲ. ಎರಡು ಕೈ ಸೇರಿಸಿ ಹಿಡಿದುಕೊಂಡ. ಆಟೋ ಬಂದು ನಿಂತು ಹಾರ್ನ್ ಹೊಡೆಯುತ್ತಲೇ ಇತ್ತು. ಮಹೇಂದ್ರ ತನ್ನ ಹೆಸರನ್ನು ಪೂರ್ತಿ ಬರೆದು ಮುಗಿಸುವವರೆಗೂ ನಾವು ಕಾದೆವು.